ಕಿಟ್‌ಗಿಂತ ಮೊದಲು ಎಂಜಿನಿಯರನ್ನು ಕೇಳಿ

ಹಳ್ಳಿಯ ಹಾಲು ಉತ್ಪಾದಕರ ಸಂಘದ ಮುಂದೆ ಬೆಳಿಗ್ಗೆ ಆರೂವರೆಗೇ ಸಾಲು ನಿಲ್ಲುತ್ತದೆ. ಹಾಲು ಅಳೆದು, ಅದರಲ್ಲೊಂದಿಷ್ಟನ್ನು ಯಂತ್ರಕ್ಕೆ ಹಿಡಿದರೆ ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಇಷ್ಟು ಎಂಬ ಲೆಕ್ಕ ಬರುತ್ತದೆ. ಲೀಟರಿಗೆ ಸಿಗುವ ದರ ಆ ಅಂಕಿಗಳ ಮೇಲೆ ನಿಂತಿದೆ. ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ಅಮ್ಮನ ಬದಲಿಗೆ ಹಾಲು ಹಾಕಿ, ಮನೆಗೆ ಬಂದು ಕ್ಯಾನ್ ತೊಳೆದಿಟ್ಟು, ಹತ್ತು ಗಂಟೆಯೊಳಗೆ ಶಾಲೆ ಸೇರುತ್ತಾಳೆ. ಅಲ್ಲಿ ಸಾಂದ್ರತೆಯ ಪಾಠ. ಲ್ಯಾಕ್ಟೋಮೀಟರ್ ಹಾಲಿನಲ್ಲಿ ಎಷ್ಟು ಮುಳುಗುತ್ತದೆ ಎಂಬುದೂ ಈ ಪಾಠವೂ ಒಂದೇ ಎಂದು ಅವಳಿಗೆ ಹೇಳುವವರಿಲ್ಲ. ಶಾಲೆಗೆ ಹೋಗಿ ಮಾತಾಡಬಹುದು ಎಂದು ಸಂಘದ ಕಾರ್ಯದರ್ಶಿಗೆ ಅನ್ನಿಸಿಲ್ಲ. ಅವರನ್ನು ಕರೆಯಬಹುದು ಎಂದು ವಿಜ್ಞಾನದ ಮೇಷ್ಟ್ರಿಗೂ ಹೊಳೆದಿಲ್ಲ.

ಶಾಲೆ ಮತ್ತು ಉದ್ದಿಮೆಗಳ ಸಹಭಾಗಿತ್ವ ಎಂದು ಸಭೆಗಳಲ್ಲಿ ದೊಡ್ಡದಾಗಿ ಆಡುವ ಮಾತಿನ ಬುಡದಲ್ಲಿರುವುದು ಈ ಇಬ್ಬರ ಪರಿಚಯ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಈ ನಾಲ್ಕನ್ನೂ ಸೇರಿಸಿ ಸ್ಟೆಮ್ ಎನ್ನುತ್ತಾರೆ. ಹೆಸರು ಹೊಸದಾದರೂ ವಿಷಯ ನಮ್ಮ ಊರುಗಳಲ್ಲಿ ದಿನವೂ ನಡೆಯುತ್ತಲೇ ಇದೆ. ಈ ಬರಹ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ, ಊರಿನ ಶಾಲೆಗೆ ಏನಾದರೂ ಮಾಡಬೇಕೆಂದಿರುವ ಕಾರ್ಖಾನೆ ಮಾಲೀಕರಿಗೆ ಮತ್ತು ಎಂಜಿನಿಯರುಗಳಿಗೆ. ಮುಖ್ಯವಾಗಿ ಹೇಳಬೇಕಿರುವುದು ಒಂದೇ: ಕಂಪನಿಯ ಬಳಿ ವಸ್ತು ಕೇಳುವ ಮೊದಲು ಮನುಷ್ಯರನ್ನು ಕೇಳಿ. ತಿಂಗಳಿಗೆ ಎರಡು ಗಂಟೆ, ಪ್ರತಿ ಸಲ ಅದೇ ಮುಖ, ಕನಿಷ್ಠ ಎರಡು ವರ್ಷ.

ವಸ್ತುವೇ ಮೊದಲು ಬರುವುದು ಯಾಕೆ?

ಕಂಪನಿಗಳು ಶಾಲೆಗೆ ಕಂಪ್ಯೂಟರ್, ರೊಬೊಟಿಕ್ಸ್ ಕಿಟ್, ಸ್ಮಾರ್ಟ್ ಬೋರ್ಡ್ ಕೊಡುವುದಕ್ಕೆ ಒಂದು ಕಾರಣ ಕಾನೂನಿನ ಲೆಕ್ಕದಲ್ಲಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಶಿಕ್ಷಣ ಮತ್ತು ವೃತ್ತಿ ಕೌಶಲ ಆ ಖರ್ಚಿನ ಪಟ್ಟಿಯಲ್ಲಿವೆ. ಕಂಪನಿ ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದರೆ ನೌಕರರು ಶಾಲೆಗೆ ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಅದನ್ನು ಸಿಎಸ್‌ಆರ್ ಖರ್ಚಿಗೆ ಸೇರಿಸುವಂತಿಲ್ಲ. ಕೊಂಡ ವಸ್ತುವಿಗೆ ಬಿಲ್ ಇದೆ, ಎಂಜಿನಿಯರ್ ಕಳೆದ ಎರಡು ಗಂಟೆಗೆ ಬಿಲ್ ಇಲ್ಲ. ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕಾದವರು ಬಿಲ್ ಇರುವುದರ ಕಡೆಗೇ ಒಲಿಯುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ.

ಆದ್ದರಿಂದ ಕೇಳಬೇಕಾದವರು ನಾವು. ವಸ್ತು ಬೇಡ ಎನ್ನುವುದಲ್ಲ. ವಸ್ತುವಿನ ಜೊತೆ ಅದನ್ನು ಬಳಸಲು ಕಲಿಸುವವರು ಬಾರದಿದ್ದರೆ ಅದು ಬೀರುವಿನಲ್ಲೇ ಉಳಿಯುತ್ತದೆ. ಬ್ಯಾಟರಿ ಸತ್ತ ಕಿಟ್‌ಗೆ ಬ್ಯಾಟರಿ ಹಾಕಿಸಲು ಶಾಲೆಯಲ್ಲಿ ದುಡ್ಡಿಲ್ಲ. ಪಾಸ್‌ವರ್ಡ್ ಗೊತ್ತಿದ್ದ ಶಿಕ್ಷಕರಿಗೆ ವರ್ಗಾವಣೆಯಾಗಿದೆ. ದುಬಾರಿ ಸಾಮಗ್ರಿ ಕೆಟ್ಟರೆ ತಾವೇ ಹೊಣೆಯಾಗಬೇಕಲ್ಲ ಎಂಬ ಭಯದಲ್ಲಿ ಶಿಕ್ಷಕರು ಅದನ್ನು ಮಕ್ಕಳ ಕೈಗೆ ಕೊಡುವುದೇ ಇಲ್ಲ. ಈ ಭಯವನ್ನು ಯಾವ ಸಿಎಸ್‌ಆರ್ ವರದಿಯೂ ಬರೆಯುವುದಿಲ್ಲ, ಆದರೆ ಕಿಟ್ ಧೂಳು ತಿನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ಮೊದಲ ಕಾರಣ. ಕೆಟ್ಟರೆ ಸರಿಮಾಡಿಕೊಡುವ ವ್ಯಕ್ತಿ ಮುಂದಿನ ಶನಿವಾರ ಬರುತ್ತಾನೆ ಎಂದು ಗೊತ್ತಿದ್ದರೆ ಅದೇ ಶಿಕ್ಷಕರು ಬೀರುವಿನ ಬಾಗಿಲು ತೆಗೆಯುತ್ತಾರೆ.

ನಮ್ಮ ನೆಲದ ಕೆಲವು ದಾರಿಗಳು

ಉದ್ದಿಮೆ ಮತ್ತು ಕಲಿಕೆಯನ್ನು ಜೋಡಿಸುವ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. ಉದ್ಯಮಿ ಜೆಮ್‌ಶೆಡ್‌ಜಿ ಟಾಟಾ ಕಂಡ ಕನಸಿಗೆ ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟದ್ದರಿಂದ 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಭದ್ರಾವತಿ ಕಬ್ಬಿಣದ ಕಾರ್ಖಾನೆಗಾಗಿ ದುಡಿದುದಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಸರ್ ಎಂ. ವಿಶ್ವೇಶ್ವರಯ್ಯ ಕೈಗೆ ತೆಗೆದುಕೊಳ್ಳದೆ, ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಹೋಗುವಂತೆ ಮಾಡಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಬೆಳೆದು ಬಂದದ್ದು ಹಾಗೆ.

1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನು ಜನ ಜಿಟಿಟಿಸಿ ಎಂದೇ ಕರೆಯುತ್ತಾರೆ. ಅಲ್ಲಿನ ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಸಂಸ್ಥೆಯೊಳಗೆ, ಒಂದು ವರ್ಷ ಕಾರ್ಖಾನೆಯೊಳಗೆ ಕಲಿಕೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಬಡ ಗ್ರಾಮೀಣ ಮಕ್ಕಳನ್ನು ವಸತಿ ಸಮೇತ ಇಟ್ಟುಕೊಂಡು ಕಲಿಸುತ್ತದೆ. ರಾಜ್ಯದ 150 ಐಟಿಐಗಳನ್ನು ಉದ್ದಿಮೆಗಳ ಜೊತೆ ಸೇರಿ ಹೊಸ ಯಂತ್ರಗಳ ತಂತ್ರಜ್ಞಾನ ಕೇಂದ್ರಗಳನ್ನಾಗಿ ಬದಲಿಸಿ 2022ರಲ್ಲಿ ಉದ್ಘಾಟಿಸಲಾಯಿತು. 1999ರಲ್ಲಿ ಶುರುವಾದ ಅಗಸ್ತ್ಯ ಫೌಂಡೇಷನ್ ವ್ಯಾನ್‌ಗಳಲ್ಲಿ ವಿಜ್ಞಾನದ ಮಾದರಿಗಳನ್ನು ಹೇರಿಕೊಂಡು ಹಳ್ಳಿ ಶಾಲೆಗಳ ಬಾಗಿಲಿಗೆ ಹೋಗುತ್ತಿದೆ.

ಹೊರಗಿನದೂ ಒಂದು ಇಲ್ಲಿ ನೆನೆಯುವಂಥದ್ದು. 2011ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಐಬಿಎಂ ಕಂಪನಿ, ನಗರದ ಶಿಕ್ಷಣ ಇಲಾಖೆ ಮತ್ತು ನಗರದ ವಿಶ್ವವಿದ್ಯಾಲಯ ಸೇರಿ ಪಿ-ಟೆಕ್ ಎಂಬ ಸರ್ಕಾರಿ ಹೈಸ್ಕೂಲ್ ತೆರೆದವು. ಒಂಬತ್ತನೇ ತರಗತಿಗೆ ಸೇರಿದವರು ಹೈಸ್ಕೂಲಿನ ಜೊತೆಗೇ ಎರಡು ವರ್ಷದ ಕಾಲೇಜು ಪದವಿಯನ್ನೂ ಮುಗಿಸಿ ಹೊರಬರುವ ಏರ್ಪಾಡು. ನಮಗೆ ಬೇಕಾದ ಅಂಶ ಅದರ ಇನ್ನೊಂದು ಭಾಗ: ಅಲ್ಲಿನ ವಿದ್ಯಾರ್ಥಿಗಳಿಗೆ ಕಂಪನಿಯಿಂದ ಮಾರ್ಗದರ್ಶಕರನ್ನು ಕೊಟ್ಟರು.

ನಮ್ಮಲ್ಲಿನ ಬಲವಾದ ಸಂಸ್ಥೆಗಳು ಹೆಚ್ಚಾಗಿ ಕೈಹಿಡಿಯುವುದು ಎಸ್‌ಎಸ್‌ಎಲ್‌ಸಿ ನಂತರ. ‘ಸೈನ್ಸ್ ನನಗಾಗಲ್ಲ’, ‘ಗಣಿತ ಕಷ್ಟ’ ಎಂದು ಮಗು ಮನಸ್ಸಿನಲ್ಲೇ ತೀರ್ಮಾನ ಮಾಡುವುದು ಅದಕ್ಕಿಂತ ಎಷ್ಟೋ ಮೊದಲು, ಏಳನೆಯ ಅಥವಾ ಎಂಟನೆಯ ತರಗತಿಯಲ್ಲಿ. ಊರಿನ ಶಾಲೆ ಮತ್ತು ಊರಿನ ಉದ್ದಿಮೆ ಸೇರಬೇಕಿರುವುದು ಆ ವಯಸ್ಸಿನ ಮಕ್ಕಳಿಗಾಗಿ.

ಹತ್ತಿರದ ಉದ್ದಿಮೆ, ದೊಡ್ಡ ಹೆಸರಲ್ಲ

‘ನಮ್ಮೂರಲ್ಲಿ ಯಾವ ಕಂಪನಿ ಇದೆ ಸ್ವಾಮಿ’ ಎಂಬ ಪ್ರಶ್ನೆ ಸಹಜ. ಬೆಳಗಾವಿಯಲ್ಲಿ ಫೌಂಡ್ರಿಗಳಿವೆ, ಅಲ್ಲಿಂದ ಸ್ವಲ್ಪ ಮುಂದೆ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುತ್ತವೆ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ. ತೋರಣಗಲ್ಲಿನಲ್ಲಿ ಉಕ್ಕು, ಹಾಸನ–ಚಿಕ್ಕಮಗಳೂರಲ್ಲಿ ಕಾಫಿ ಕ್ಯೂರಿಂಗ್, ಕರಾವಳಿಯಲ್ಲಿ ಗೋಡಂಬಿ, ಚನ್ನಪಟ್ಟಣದಲ್ಲಿ ಮರದ ಗೊಂಬೆ ತಿರುಗಿಸುವ ಲೇತು. ಇವು ಯಾವುವೂ ಇಲ್ಲದ ಊರಲ್ಲೂ ವಿದ್ಯುತ್ ಉಪಕೇಂದ್ರವಿದೆ, ಬಸ್ ಡಿಪೊ ಇದೆ, ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಗ್ಯಾರೇಜು, ವೆಲ್ಡಿಂಗ್ ಶಾಪು, ಮೋಟರ್ ರಿವೈಂಡಿಂಗ್ ಅಂಗಡಿ ಇವೆ.

ಬೆಂಗಳೂರಿನ ದೊಡ್ಡ ಐಟಿ ಕಂಪನಿಗೆ ಪತ್ರ ಬರೆದು ವರ್ಷಗಟ್ಟಲೆ ಕಾಯುವುದಕ್ಕಿಂತ ಐದು ಕಿಲೋಮೀಟರ್ ಒಳಗಿನ ಇಪ್ಪತ್ತು ಜನರ ಘಟಕದ ಬಾಗಿಲು ತಟ್ಟುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಲೀಕರು ಅಲ್ಲಿಯೇ ಕೂತಿರುತ್ತಾರೆ, ಒಪ್ಪಿಗೆಗೆ ಮೂರು ಸಹಿ ಬೇಕಿಲ್ಲ. ಕೆಲಸಗಾರರ ಮಕ್ಕಳೇ ನಿಮ್ಮ ಶಾಲೆಯಲ್ಲಿರಬಹುದು. ಬರುವವರು ಕನ್ನಡದಲ್ಲಿ ಮಾತಾಡುತ್ತಾರೆ, ಮಕ್ಕಳು ಅಂಜದೆ ಪ್ರಶ್ನೆ ಕೇಳುತ್ತಾರೆ. ಸಿಎಸ್‌ಆರ್ ಮಿತಿಯೊಳಗೆ ಬಾರದ ಸಣ್ಣ ಘಟಕಕ್ಕೆ ಕೊಡಲು ಹಣ ಇರುವುದಿಲ್ಲ. ಸಮಯ, ಹಳೆಯ ಉಪಕರಣ, ಕತ್ತರಿಸಿ ಉಳಿದ ಲೋಹದ ತುಂಡು, ಅನುಭವ ಇರುತ್ತದೆ. ಶಾಲೆಗೆ ಬೇಕಾದದ್ದು ಅದೇ.

ಬೆಂಗಳೂರು ಬಿಟ್ಟು ಹೊರಗಿರುವ ಶಾಲೆಗಳಿಗೆ ಇನ್ನೊಂದು ಆಸರೆ ಹಳೆಯ ವಿದ್ಯಾರ್ಥಿಗಳು. ಪೀಣ್ಯದಲ್ಲೋ ದುಬೈಯಲ್ಲೋ ಕೆಲಸ ಮಾಡುತ್ತಿರುವ, ನಿಮ್ಮದೇ ಶಾಲೆಯ ಬೆಂಚಿನ ಮೇಲೆ ಕೂತಿದ್ದ ಟೆಕ್ನಿಷಿಯನ್ ವಿಡಿಯೊ ಕರೆಯಲ್ಲಿ ಅರ್ಧ ಗಂಟೆ ಸಿಕ್ಕರೂ ಮಕ್ಕಳ ಮೇಲೆ ಅದರ ಪರಿಣಾಮ ದೊಡ್ಡದು. ಸರ್ಕಾರಿ ಶಾಲೆಗೆ ಸಮಯ ಅಥವಾ ಸಾಮಗ್ರಿ ಕೊಡಲು ಬಯಸುವವರನ್ನು ಜೋಡಿಸುವ ಕೇಂದ್ರ ಸರ್ಕಾರದ ‘ವಿದ್ಯಾಂಜಲಿ’ ಪೋರ್ಟಲ್‌ನಲ್ಲಿ ನಿಮ್ಮ ಶಾಲೆಯ ಬೇಡಿಕೆಯನ್ನು ನಮೂದಿಸಿಡಿ.

ಪಾಠಕ್ಕೆ ಹೊಂದಿಸಿಕೊಳ್ಳುವುದು

ಇಡೀ ವಿಷಯದ ಜೀವ ಇರುವುದು ಇಲ್ಲಿ. ಸ್ಫೂರ್ತಿಯ ಭಾಷಣ ಮಾಡಿ ಹೋಗುವ ಅತಿಥಿಯಿಂದ ಮಕ್ಕಳಿಗೆ ಒಂದು ದಿನದ ಉತ್ಸಾಹ ಸಿಗುತ್ತದೆ, ಅಷ್ಟೆ. ಪಠ್ಯದ ಒಂದು ಅಧ್ಯಾಯವನ್ನು ಕೈಯಲ್ಲಿ ಹಿಡಿದು ‘ಇದು ನಮ್ಮಲ್ಲಿ ಹೀಗೆ ನಡೆಯುತ್ತದೆ’ ಎಂದು ತೋರಿಸುವವರಿಂದ ಪಾಠ ಉಳಿಯುತ್ತದೆ. ಹಾಗಾಗಿ ಶಿಕ್ಷಕರು ಮತ್ತು ಬರುವ ಎಂಜಿನಿಯರ್ ವರ್ಷದ ಆರಂಭದಲ್ಲಿ ಒಮ್ಮೆ ಕೂತು, ಎಂಟರಿಂದ ಹತ್ತರವರೆಗಿನ ವಿಜ್ಞಾನ ಮತ್ತು ಗಣಿತದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ಆರೇಳು ಅಧ್ಯಾಯಗಳನ್ನು ಗುರುತು ಹಾಕಿಕೊಳ್ಳಬೇಕು.

ಡೇರಿಯನ್ನೇ ತೆಗೆದುಕೊಳ್ಳೋಣ. ಪ್ಯಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ 15 ಸೆಕೆಂಡ್ ಹಿಡಿದು, ಕೂಡಲೇ 4 ಡಿಗ್ರಿಯ ಆಸುಪಾಸಿಗೆ ತಣಿಸುತ್ತಾರೆ. ಸೂಕ್ಷ್ಮಜೀವಿಗಳ ಪಾಠದ ಸಾಲು ಇದು. ಆದರೆ ಘಟಕದ ಒಳಗೆ ನಿಂತು ನೋಡಿದ ಮಗುವಿಗೆ ಇನ್ನೊಂದು ಸಂಗತಿ ಕಾಣುತ್ತದೆ: ಬಿಸಿಯಾಗಿ ಹೊರಬರುವ ಹಾಲು ತೆಳುವಾದ ಉಕ್ಕಿನ ಹಾಳೆಯ ಒಂದು ಮಗ್ಗುಲಲ್ಲಿ ಹರಿಯುತ್ತದೆ, ಒಳಗೆ ಹೋಗುವ ತಣ್ಣನೆಯ ಹಾಲು ಇನ್ನೊಂದು ಮಗ್ಗುಲಲ್ಲಿ. ಬಿಸಿ ಹಾಲು ತನ್ನ ಶಾಖವನ್ನು ತಣ್ಣನೆಯದಕ್ಕೆ ಕೊಟ್ಟು ತಾನು ಆರುತ್ತದೆ. ಕಾಯಿಸುವ ಖರ್ಚೂ ಉಳಿಯಿತು, ತಣಿಸುವ ಖರ್ಚೂ ಉಳಿಯಿತು. ಶಾಖದ ಹರಿವು ಯಾವ ದಿಕ್ಕಿಗೆ, ಹಾಳೆ ಯಾಕೆ ತೆಳುವಾಗಿರಬೇಕು, ಯಾಕೆ ಲೋಹದ್ದೇ ಆಗಬೇಕು, ಮೇಲ್ಮೈ ವಿಸ್ತಾರ ಹೆಚ್ಚಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಆ ಮಕ್ಕಳೇ ಕೇಳುತ್ತಾರೆ. ಮಾರನೆಯ ವಾರ ಗಣಿತದ ತರಗತಿಯಲ್ಲಿ ಒಂದು ತಿಂಗಳ ಹಾಲಿನ ಲೆಕ್ಕದಿಂದ ಫ್ಯಾಟ್‌ನ ಸರಾಸರಿ ತೆಗೆಯಲಿ, ನಕ್ಷೆ ಬರೆಯಲಿ, ಯಾವ ವಾರ ಇಳಿಯಿತು, ಆ ವಾರ ಮೇವು ಏನಿತ್ತು ಎಂದು ಮನೆಯಲ್ಲಿ ಕೇಳಿ ಬರಲಿ. ಅಂಕಿಅಂಶ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಕಾಣುವುದಿಲ್ಲ.

ಫೌಂಡ್ರಿಯ ಊರಾದರೆ ಪ್ಯಾಟರ್ನ್ ಮಾಡುವವರನ್ನು ಕರೆಯಿರಿ. ಎರಕ ಹೊಯ್ದ ಕಬ್ಬಿಣ ತಣಿಯುವಾಗ ಉದ್ದದಲ್ಲಿ ಶೇ 1ರಷ್ಟು ಕುಗ್ಗುತ್ತದೆ. 500 ಮಿಲಿಮೀಟರ್‌ನ ಭಾಗ ಬೇಕಾದರೆ ಅಚ್ಚಿನ ಮಾದರಿಯನ್ನು ಸುಮಾರು 505 ಮಿಲಿಮೀಟರ್ ಮಾಡಬೇಕು. ಅದಕ್ಕೆಂದೇ ಅವರ ಬಳಿ ಬೇರೆ ಅಳತೆಪಟ್ಟಿ ಇರುತ್ತದೆ. ಶೇಕಡಾವಾರು ಲೆಕ್ಕವನ್ನೂ ಉಷ್ಣದಿಂದಾಗುವ ಹಿಗ್ಗು–ಕುಗ್ಗನ್ನೂ ಆ ಒಂದು ಪಟ್ಟಿ ಜೊತೆಗೂಡಿಸುತ್ತದೆ.

ಲೇತು ಇರುವ ಯಾವ ಸಣ್ಣ ಘಟಕದಲ್ಲೂ ಮೈಕ್ರೋಮೀಟರ್ ಇರುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಅದು ಅಳೆಯುತ್ತದೆ. ಮೊದಲು ಪಠ್ಯಪುಸ್ತಕದ ನೂರು ಹಾಳೆಗಳ ದಪ್ಪವನ್ನು ಸಾದಾ ಸ್ಕೇಲಿನಲ್ಲಿ ಅಳೆದು ನೂರರಿಂದ ಭಾಗಿಸಲಿ. ಆಮೇಲೆ ಒಂದೇ ಹಾಳೆಯನ್ನು ಮೈಕ್ರೋಮೀಟರಿನಲ್ಲಿ ಅಳೆಯಲಿ. ಎರಡೂ ಉತ್ತರ ಹತ್ತಿರ ಬಂದಾಗ ಸರಾಸರಿ ಎಂದರೇನು, ಅಳತೆಯ ದೋಷ ಎಂದರೇನು ಎಂಬುದು ಬಾಯಿಪಾಠವಿಲ್ಲದೆ ತಿಳಿಯುತ್ತದೆ. ಇದಕ್ಕೆ ಕಂಪನಿಗೆ ತಗಲುವ ಖರ್ಚು ಸೊನ್ನೆ.

ಕೇಳುವ ಪತ್ರ

ಪತ್ರ ಅರ್ಧ ಪುಟ ಮೀರದಿರಲಿ. ‘ನಮ್ಮ ಶಾಲೆಗೆ ಸಹಾಯ ಮಾಡಿ’ ಎಂಬ ಬೇಡಿಕೆಗೆ ಉತ್ತರ ಬರುವುದು ಅಪರೂಪ, ಯಾಕೆಂದರೆ ಏನು ಮಾಡಬೇಕೆಂದು ಓದಿದವರಿಗೆ ತಿಳಿಯುವುದಿಲ್ಲ. ಹೀಗೆ ಬರೆಯಬಹುದು:

‘ನಮ್ಮ ಶಾಲೆ ನಿಮ್ಮ ಘಟಕದಿಂದ 3 ಕಿ.ಮೀ. ದೂರದಲ್ಲಿದೆ. 8ರಿಂದ 10ನೇ ತರಗತಿಯಲ್ಲಿ 110 ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಜುಲೈಯಿಂದ ಜನವರಿವರೆಗೆ ತಿಂಗಳಿಗೊಂದು ಶನಿವಾರ ನಿಮ್ಮ ಒಬ್ಬ ಎಂಜಿನಿಯರ್ ಅಥವಾ ಹಿರಿಯ ಕೆಲಸಗಾರರು ಎರಡು ಗಂಟೆ ನಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಸೇರಿ ಪಾಠ ಮಾಡಬೇಕೆಂದು ಕೋರುತ್ತೇವೆ. ವಿದ್ಯುತ್, ಲೋಹಗಳು, ಅಳತೆ ಈ ಮೂರು ವಿಷಯಗಳಿಂದ ಶುರುಮಾಡಲು ಯೋಚಿಸಿದ್ದೇವೆ. ವರ್ಷದಲ್ಲಿ ಒಂದು ಬಾರಿ 30 ಮಕ್ಕಳಿಗೆ ನಿಮ್ಮ ಘಟಕ ನೋಡಲು ಅವಕಾಶ ಬೇಕು. ಸದ್ಯಕ್ಕೆ ಹಣದ ಅಗತ್ಯವಿಲ್ಲ. ಬರುವ ವಾರ ಹತ್ತು ನಿಮಿಷ ಭೇಟಿಗೆ ಸಮಯ ಕೊಡಿ.’

ಹಣದ ಅಗತ್ಯವಿಲ್ಲ ಎಂಬ ಸಾಲನ್ನು ಬಿಡಬೇಡಿ. ಬಾಗಿಲು ತೆರೆಯುವುದು ಅದರಿಂದಲೇ. ಶನಿವಾರ ಬಹಳಷ್ಟು ಕಂಪನಿಗಳಿಗೆ ರಜೆ. ನಮ್ಮ ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಇದೆ. ಎರಡೂ ಕೂಡಿಬರುವ ದಿನ ಅದು. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯುವ ಅವಕಾಶವಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದೆ.

ದೊಡ್ಡ ಕಂಪನಿಯ ಸಿಎಸ್‌ಆರ್ ಹಣಕ್ಕೆ ಪ್ರಯತ್ನಿಸುವುದಾದರೆ ಕಾಲ ನೋಡಿ ಕೇಳಬೇಕು. ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮುಂದಿನ ವರ್ಷದ ಯೋಜನೆ ರೂಪುಗೊಳ್ಳುವ ಜನವರಿ, ಫೆಬ್ರುವರಿಯಲ್ಲಿ ನಿಮ್ಮ ಪ್ರಸ್ತಾವ ಅವರ ಮೇಜಿನ ಮೇಲಿರಲಿ. ನಡುವೆ ಸ್ವಯಂಸೇವಾ ಸಂಸ್ಥೆ ಇದ್ದರೆ ಅದಕ್ಕೆ ಸಿಎಸ್‌ಆರ್-1 ನೋಂದಣಿ ಇದೆಯೇ ಕೇಳಿ. 2021ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಬರಹದಲ್ಲಿರಬೇಕಾದ್ದು

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಲಿಖಿತ ಅನುಮತಿ ಇಲ್ಲದೆ ಶುರುಮಾಡಬೇಡಿ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಆಗಲಿ. ಕಂಪನಿಯೊಂದಿಗೆ ಒಂದು ಪುಟದ ಒಪ್ಪಂದ ಸಾಕು, ಆದರೆ ಎರಡೂ ಕಡೆ ಇಬ್ಬಿಬ್ಬರ ಹೆಸರಿರಲಿ. ಮುಖ್ಯ ಶಿಕ್ಷಕರಿಗೆ ವರ್ಗಾವಣೆಯಾಗುತ್ತದೆ, ಕಂಪನಿಯ ಮ್ಯಾನೇಜರ್ ಕೆಲಸ ಬಿಡುತ್ತಾರೆ. ಒಬ್ಬರ ಮೇಲೆ ನಿಂತ ನಂಟು ಅವರೊಂದಿಗೇ ಹೋಗುತ್ತದೆ. ಬಂದ ಪ್ರತಿ ಸಾಮಗ್ರಿಯೂ ದಾಸ್ತಾನು ವಹಿಯಲ್ಲಿ ದಾಖಲಾಗಲಿ. ಮಕ್ಕಳ ಬಳಕೆಯಲ್ಲಿ ಸವೆದು ಕೆಟ್ಟದ್ದಕ್ಕೆ ಶಿಕ್ಷಕರು ಹೊಣೆಯಲ್ಲ, ದುರಸ್ತಿ ಕಂಪನಿಯದು ಎಂಬ ಸಾಲು ಒಪ್ಪಂದದಲ್ಲಿ ಇರಲೇಬೇಕು. ನೂರು ರೂಪಾಯಿಯ ಸಾಮಗ್ರಿ ಕೊಡುವವರು ಇಪ್ಪತ್ತು ರೂಪಾಯಿಯನ್ನು ಬ್ಯಾಟರಿ, ತಂತಿ, ದುರಸ್ತಿಗೆ ತೆಗೆದಿಡಲಿ ಎಂದು ಕೇಳುವುದು ಅತಿಯೇನಲ್ಲ.

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಿಗೆ ಈ ಮಾತು ಇನ್ನೂ ಮುಖ್ಯ. 2016ರಲ್ಲಿ ಶುರುವಾದ ಅಟಲ್ ಇನ್ನೋವೇಷನ್ ಮಿಷನ್ ಪ್ರತಿ ಲ್ಯಾಬ್‌ಗೆ ಸ್ಥಾಪನೆಗೆ 10 ಲಕ್ಷ, ಐದು ವರ್ಷದವರೆಗಿನ ನಿರ್ವಹಣೆಗೆ 10 ಲಕ್ಷ ರೂಪಾಯಿಯವರೆಗೆ ಕೊಡುತ್ತದೆ. ಇಂಥ 10,000 ಲ್ಯಾಬ್‌ಗಳು ದೇಶದಲ್ಲಾಗಿವೆ. ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಮಾಡುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿತು. 3ಡಿ ಪ್ರಿಂಟರ್ ಇರುವ ಲ್ಯಾಬ್‌ಗೆ ಅದನ್ನು ದಿನವೂ ನಡೆಸುವ ಹತ್ತಿರದ ಘಟಕವೊಂದನ್ನು ಜೋಡಿಸಿ. ಅನುದಾನ ಮುಗಿದ ಮೇಲೆ ಲ್ಯಾಬ್ ಉಳಿಯುವುದು ಅಂಥ ನಂಟಿನಿಂದ. ಮಕ್ಕಳಿಂದ ಒಳ್ಳೆಯ ಯೋಚನೆ ಬಂದರೆ ಕೇಂದ್ರ ಸರ್ಕಾರದ ‘ಇನ್‌ಸ್ಪೈರ್ ಮಾನಕ್’ ಯೋಜನೆಗೆ ಕಳಿಸಿ. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ, ಆ ಮಾದರಿಗೆ ಬೆಸುಗೆ ಹಾಕಿಕೊಡಲು ಎಂಜಿನಿಯರ್ ಇದ್ದೇ ಇರುತ್ತಾರೆ.

ಒಪ್ಪಂದದಲ್ಲಿ ಕಂಪನಿಗೆ ಹೇಳಬೇಕಾದ ಒಂದು ‘ಬೇಡ’ವೂ ಇದೆ. ಶಾಲೆಯ ಗೋಡೆ ಜಾಹೀರಾತಿನ ಫಲಕವಲ್ಲ. ಉತ್ಪನ್ನದ ಪ್ರಚಾರ, ಮಕ್ಕಳ ಮೊಬೈಲ್ ನಂಬರ್ ಸಂಗ್ರಹ, ವೃತ್ತಿ ಮಾರ್ಗದರ್ಶನದ ಹೆಸರಿನಲ್ಲಿ ಯಾವುದೋ ಖಾಸಗಿ ಕಾಲೇಜಿನ ಪ್ರವೇಶಾತಿ, ಇವನ್ನು ಮೊದಲ ದಿನವೇ ಖಂಡಿತವಾಗಿ ನಿರಾಕರಿಸಿ. ಮಕ್ಕಳ ಫೋಟೊ ಪ್ರಕಟಿಸಲು ಪೋಷಕರ ಲಿಖಿತ ಒಪ್ಪಿಗೆ ಬೇಕು.

ಸುರಕ್ಷತೆಯಲ್ಲಿ ರಾಜಿ ಇಲ್ಲ

ಹೊರಗಿನವರು ತರಗತಿಯಲ್ಲಿರುವಾಗ ಶಿಕ್ಷಕರೊಬ್ಬರು ಅಲ್ಲೇ ಇರಬೇಕು. ಯಾವ ಮಗುವೂ ಅತಿಥಿಯೊಂದಿಗೆ ಒಂಟಿಯಾಗಿ ಇರಬಾರದು, ಖಾಸಗಿ ಸಂದೇಶ ವಿನಿಮಯ ಬೇಡ. 2012ರ ಪೋಕ್ಸೊ ಕಾಯ್ದೆಯ ಬಗ್ಗೆ ಬರುವ ಸ್ವಯಂಸೇವಕರಿಗೆ ಮೊದಲೇ ತಿಳಿಸಿ, ಮಕ್ಕಳ ಸಹಾಯವಾಣಿ 1098 ತರಗತಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿರಲಿ. ಕಾರ್ಖಾನೆ ಭೇಟಿಗೆ ಮುಂಚೆ ಒಬ್ಬ ಶಿಕ್ಷಕರು ಹೋಗಿ ಮಕ್ಕಳು ನಡೆಯುವ ದಾರಿಯನ್ನು ತಾವೇ ನಡೆದು ನೋಡಿಬರಬೇಕು. ಕಾಲು ಮುಚ್ಚುವ ಚಪ್ಪಲಿ ಅಥವಾ ಶೂ, ಕಟ್ಟಿದ ಕೂದಲು, ಸೊಂಟಕ್ಕೆ ಬಿಗಿದ ವೇಲು. ಹದಿನೈದು ಮಕ್ಕಳಿಗೆ ಒಬ್ಬ ದೊಡ್ಡವರು. ಆಮ್ಲ ಬಳಸುವ ಪರೀಕ್ಷೆ, ಕರಗಿದ ಲೋಹ, ತಿರುಗುವ ಯಂತ್ರ ಇವನ್ನು ದೂರದಿಂದ ನೋಡುವುದಷ್ಟೆ.

ಕಲಿಕೆಯ ಹೆಸರಿನಲ್ಲಿ ದುಡಿಮೆ ನುಸುಳಬಾರದು. 14 ವರ್ಷದೊಳಗಿನವರನ್ನು ಉದ್ದಿಮೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 18ರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ‘ರಜೆಯಲ್ಲಿ ಬಂದು ಸ್ವಲ್ಪ ಪ್ಯಾಕಿಂಗ್ ಮಾಡಲಿ, ಕಲಿತ ಹಾಗೂ ಆಗುತ್ತೆ’ ಎಂದು ಯಾರಾದರೂ ಹೇಳಿದರೆ ಆ ಸಹಭಾಗಿತ್ವವನ್ನು ಅಲ್ಲಿಗೇ ನಿಲ್ಲಿಸಿ.

ಹತ್ತನೆಯದಾದ ಮೇಲೆ ಮುಂದೇನು

ಎಸ್‌ಎಸ್‌ಎಲ್‌ಸಿ ಮುಗಿಸುವ ಮಗುವಿಗೆ ಮನೆಯಲ್ಲಿ ಸಿಗುವ ಮಾರ್ಗದರ್ಶನ ಸಾಮಾನ್ಯವಾಗಿ ಒಂದು ಸಾಲಿನದು: ಮಾರ್ಕ್ಸ್ ಬಂದರೆ ಪಿಯು ಸೈನ್ಸ್, ಇಲ್ಲದಿದ್ದರೆ ಐಟಿಐ. ಈ ಏಣಿಶ್ರೇಣಿ ನಮ್ಮ ಮಕ್ಕಳಿಗೆ ಮಾಡಿರುವ ಹಾನಿ ದೊಡ್ಡದು. ದಾರಿಗಳು ಒಂದಕ್ಕೊಂದು ಕೂಡುತ್ತವೆ ಎಂಬುದನ್ನು ಹೇಳುವವರು ಬೇಕು. ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಸ್ಟೈಪೆಂಡ್ ಕೊಡಬೇಕು. ಆ ಸ್ಟೈಪೆಂಡಿನಲ್ಲಿ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ನಿಮ್ಮ ಶಾಲೆಗೆ ಬರುವ ಕಂಪನಿಯಲ್ಲೇ ಅಪ್ರೆಂಟಿಸ್ ಜಾಗ ಎಷ್ಟಿವೆ, ಯಾವ ಟ್ರೇಡಿಗೆ, ಯಾವ ತಿಂಗಳಲ್ಲಿ ಭರ್ತಿ ಎಂದು ಕೇಳಿ ನೋಟಿಸ್ ಬೋರ್ಡಿನಲ್ಲಿ ಹಾಕಿ.

ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ ಮೀಸಲಾತಿ ಶೇ 5 ಇದೆ; ಎರಡಕ್ಕೂ ಒಂದರಿಂದ ಹತ್ತರವರೆಗಿನ ಓದಿನ ದಾಖಲೆ ಬೇಕು. ಶಾಲೆ ಬಿಡುವ ದಿನವೇ ಆ ಪ್ರಮಾಣಪತ್ರ ಮಾಡಿಸಿಕೊಟ್ಟರೆ ಎರಡು ವರ್ಷದ ನಂತರ ಪೋಷಕರು ಕಚೇರಿ ಅಲೆಯುವುದು ತಪ್ಪುತ್ತದೆ. ಎಐಸಿಟಿಇ ಮಾನ್ಯತೆಯ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್‌ಗೆ ಸೇರುವ ಹೆಣ್ಣುಮಕ್ಕಳಿಗೆ ‘ಪ್ರಗತಿ’ ವಿದ್ಯಾರ್ಥಿವೇತನವಿದೆ: ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯ 8 ಲಕ್ಷ ಮೀರಬಾರದು.

ಹೆಣ್ಣುಮಕ್ಕಳ ವಿಷಯವನ್ನು ಇಷ್ಟಕ್ಕೇ ಬಿಡಲಾಗದು. ಕಾರ್ಖಾನೆಯಿಂದ ಬರುವವರಲ್ಲಿ ಒಬ್ಬರಾದರೂ ಹೆಣ್ಣುಮಗಳಾಗಿರಲಿ ಎಂದು ಪತ್ರದಲ್ಲೇ ಕೇಳಿ. ಎಂಜಿನಿಯರ್ ಇಲ್ಲದಿದ್ದರೆ ಸಿಎನ್‌ಸಿ ಯಂತ್ರ ನಡೆಸುವ ಯುವತಿ ಬರಲಿ, ಗುಣಮಟ್ಟ ಪರೀಕ್ಷಿಸುವವರು ಬರಲಿ. ಮಗಳನ್ನು ಕಳಿಸಲು ಹಿಂಜರಿಯುವ ಪೋಷಕರು ಕೇಳುವುದು ಓಮ್‌ನ ನಿಯಮವನ್ನಲ್ಲ. ಹಾಸ್ಟೆಲ್ ಹೇಗಿದೆ, ರಾತ್ರಿ ಪಾಳಿ ಇದೆಯೇ, ಬಸ್ಸಿನ ವ್ಯವಸ್ಥೆ ಏನು ಎಂದು ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಕೆಲಸ ಮಾಡುತ್ತಿರುವ ಹೆಣ್ಣುಮಗಳೇ ಉತ್ತರ ಕೊಡುವಂತೆ ವರ್ಷಕ್ಕೊಂದು ಪೋಷಕರ ಸಭೆ ಏರ್ಪಡಿಸಿ. ಸಾಧ್ಯವಾದರೆ ನಾಲ್ಕೈದು ತಾಯಂದಿರನ್ನು ಕಾರ್ಖಾನೆ ಭೇಟಿಗೇ ಕರೆದೊಯ್ಯಿರಿ. ಇದೊಂದರಿಂದ ಬದಲಾಗುವ ಮನೆಗಳಿವೆ.

ಲೆಕ್ಕ ಇಡುವುದು

ವರ್ಷದ ಕೊನೆಗೆ ಕಂಪನಿ ‘ಎಷ್ಟು ಮಕ್ಕಳಿಗೆ ಪ್ರಯೋಜನವಾಯಿತು’ ಎಂದು ಕೇಳುತ್ತದೆ. ಹಾಜರಿಯ ಸಂಖ್ಯೆ ಕೊಟ್ಟು ಸುಮ್ಮನಾಗಬೇಡಿ. ಜೂನ್‌ನಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಐದು ಸರಳ ಪ್ರಶ್ನೆ ಕೊಡಿ: ನಿಮ್ಮೂರಿನ ಯಾವ ಕೆಲಸದಲ್ಲಿ ಗಣಿತ ಬಳಸುತ್ತಾರೆ, ಡಿಪ್ಲೊಮಾ ಎಂದರೇನು, ಹೀಗೆ. ಫೆಬ್ರುವರಿಯಲ್ಲಿ ಅದೇ ಪ್ರಶ್ನೆಗಳನ್ನು ಮತ್ತೆ ಕೊಡಿ. ಎರಡೂ ಸಲದ ಉತ್ತರಪತ್ರಿಕೆಗಳನ್ನು ಜೊತೆಗಿಟ್ಟರೆ ಏನು ಬದಲಾಯಿತು ಎಂಬುದು ಶಿಕ್ಷಕರಿಗೂ ಕಂಪನಿಗೂ ಕಾಣುತ್ತದೆ.

ಹತ್ತನೇ ತರಗತಿ ಮುಗಿಸಿದ ಪ್ರತಿ ಮಗುವಿನ ಹೆಸರು, ಪೋಷಕರ ಫೋನ್, ಸೇರಿದ ಕೋರ್ಸ್ ಒಂದು ನೋಟ್‌ಬುಕ್‌ನಲ್ಲಿರಲಿ. ಮರುವರ್ಷ ನವೆಂಬರ್‌ನಲ್ಲಿ ಎಲ್ಲರಿಗೂ ಫೋನ್ ಮಾಡಿ. ನಡುವೆ ಓದು ಬಿಟ್ಟವರಿದ್ದರೆ ಕಾರಣ ಬರೆದುಕೊಳ್ಳಿ: ಫೀಸೋ, ಬಸ್ಸೋ, ಇಂಗ್ಲಿಷಿನಲ್ಲಿ ಪಾಠ ಅರ್ಥವಾಗದ್ದೋ, ಮದುವೆಯೋ. ಮುಂದಿನ ಜನವರಿಯಲ್ಲಿ ಕಂಪನಿಯ ಮುಂದೆ ಕೂತಾಗ ಆ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಬಸ್ ಪಾಸ್‌ಗೆ ಎಷ್ಟು, ಇಂಗ್ಲಿಷ್ ಸೇತುಬಂಧ ತರಗತಿಗೆ ಎಷ್ಟು ಎಂದು ಅಂಕಿ ಸಮೇತ ಕೇಳಿ. ಸಿಎಸ್‌ಆರ್ ಹಣ ಕೇಳಬೇಕಾದ ಜಾಗ ಅದು.